ನೋಡಿದರು, ಮಾತಾಡಿಸಲಿಲ್ಲ

ನಮ್ಮ ಕಡೆ ಒಬ್ಬರ ಮನೆಯ ಮುಂದೆ ಹಾದುಹೋಗುವಾಗ ಒಳಗೆ ಕಣ್ಣು ಹಾಯಿಸಿದಿರೋ, ಮಾತಾಡಿಸಲೇಬೇಕು. ಏನು ಮಾತು ಎನ್ನುವುದು ಮುಖ್ಯವಲ್ಲ. ಬಟ್ಟೆ ಒಗೆಯುತ್ತಿರುವವಳನ್ನು ‘ಬಟ್ಟೆ ಒಗೀತಿದೀಯಾ’ ಎಂದು ಕೇಳಿದರೂ ನಡೆಯುತ್ತದೆ. ಅವಳೂ ಅಷ್ಟೇ ಗಂಭೀರವಾಗಿ ‘ಹ್ಞೂ ಕಣಕ್ಕ, ಬಟ್ಟೆ ಒಗೀತಿದೀನಿ’ ಎನ್ನುತ್ತಾಳೆ. ಹೊರಗಿನಿಂದ ಬಂದವರಿಗೆ ಇದು ನಗು ತರಿಸುತ್ತದೆ. ನಮಗೆ ಅದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಬಾಗಿಲಲ್ಲಿ ಇಣುಕಿ ನೋಡಿ ತುಟಿ ಬಿಚ್ಚದೆ ಹೋದವರನ್ನು ಮಾತ್ರ ನಾವು ಬಹಳ ಕಾಲ ನೆನಪಿಟ್ಟುಕೊಳ್ಳುತ್ತೇವೆ. ಹಾಗೆ ಹೋದವಳು ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿದ್ದಾಳೆ ಎಂದೇ ಲೆಕ್ಕ.

ಈ ವಿಷಯದಲ್ಲಿ ನನ್ನಕ್ಕನನ್ನು ಮೀರಿಸುವವರಿರಲಿಲ್ಲ. ನಮ್ಮ ಜಿಲ್ಲೆಯ ದೊಡ್ಡ ಊರು ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕೂರಿಸಿ ನೀರಿನ ಬಾಟಲಿ ತರಲು ಹೋದರೆ, ನಾನು ವಾಪಸು ಬರುವಷ್ಟರಲ್ಲಿ ಪಕ್ಕದಲ್ಲಿ ಕೂತವಳ ಸೊಸೆಯ ಬಾಣಂತನದ ಕಥೆ ಅರ್ಧ ಮುಗಿದಿರುತ್ತಿತ್ತು. ಬಸ್ಸು ಬಂದಾಗ ಇಬ್ಬರೂ ಅಕ್ಕತಂಗಿಯರ ಹಾಗೆ ಕೈ ಹಿಡಿದುಕೊಂಡು ಬೀಳ್ಕೊಳ್ಳುತ್ತಿದ್ದರು. ನಿಜವಾದ ತಂಗಿ ನಾನು ಬ್ಯಾಗು ಹೊತ್ತುಕೊಂಡು ಹಿಂದೆ ನಿಂತಿರುತ್ತಿದ್ದೆ.

ನಮ್ಮ ತವರು ಬಿ.ದುರ್ಗದ ಹತ್ತಿರ. ಅಕ್ಕನನ್ನು ಹಿರೇಗುಂಟನೂರು ಕಡೆಯ ಹಳ್ಳಿಗೆ ಕೊಟ್ಟರು, ನನ್ನನ್ನು ಹೊಳಲ್ಕೆರೆಗೆ. ಅವಳದು ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಮನೆ. ನಮ್ಮದು ಹಿಟ್ಟಿನ ಗಿರಣಿ. ಗಂಡ ಯಂತ್ರ ನೋಡಿಕೊಂಡರೆ ನಾನು ಜನರನ್ನು ನೋಡಿಕೊಳ್ಳುತ್ತೇನೆ. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ನನ್ನ ದನಿಯೇ ಜಗಳದ ದನಿಯಾಗಿದೆ. ಸಿಟ್ಟು ಮಾತ್ರ ಗಿರಣಿಯಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಇದೆ.

ನನ್ನ ಹತ್ತಿರ ಇರುವುದು ಗುಂಡಿ ಒತ್ತುವ ಚಿಕ್ಕ ಫೋನು. ಹಿಟ್ಟಿನ ಧೂಳಿಗೆ ದೊಡ್ಡ ಫೋನು ಬಾಳುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಅದು ನೆಪ. ನನಗೆ ಬೇಡ, ಅಷ್ಟೇ. ಅಕ್ಕನಿಗೂ ಬೇಕಿರಲಿಲ್ಲ. ಹಿರಿಯೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳ ಮಗಳಿಗೆ ಮಗು ಆದಾಗ, ಅಜ್ಜಿ ಮೊಮ್ಮಗಳನ್ನು ದಿನಾ ನೋಡಲಿ ಎಂದು ಮಗಳೇ ಒಂದು ದೊಡ್ಡ ಫೋನು ತಂದುಕೊಟ್ಟಳು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು.

ಮೊದಮೊದಲು ಅಕ್ಕನ ಸಂಭ್ರಮ ನೋಡಬೇಕಿತ್ತು. ನಮ್ಮ ಕುಲಬಾಂಧವರದ್ದೆಲ್ಲ ಒಂದು ಗ್ರೂಪ್ ಇದೆ. ಮಗಳು ಅದಕ್ಕೆ ಅವಳನ್ನು ಸೇರಿಸಿದಳು. ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು, ಅವರ ಮಕ್ಕಳು, ಹೊಸ ಸೊಸೆಯರು, ಎಲ್ಲರ ಮುಖವೂ ಅಂಗೈಗೆ ಬಂದುಬಿಟ್ಟಿತು. ಆಮೇಲೆ ಸ್ಟೇಟಸ್ ನೋಡುವುದನ್ನು ಕಲಿತಳು. ಯಾರೋ ಹೊಸ ಸೀರೆ ಉಟ್ಟ ಫೋಟೋ ಹಾಕಿದರೆ ಅಕ್ಕ ಫೋನಿಗೇ ಮುಖ ಹಿಡಿದು, ಬಣ್ಣ ಒಪ್ಪುತ್ತದೆ ಕಣೇ, ಎಲ್ಲಿ ತಗೊಂಡೆ ಎಂದು ಕೇಳುತ್ತಿದ್ದಳು. ಫೋನು ಉತ್ತರ ಕೊಡದಿದ್ದಾಗ ಅವಳಿಗೇ ನೇರ ಕರೆ ಮಾಡಿ ಕೇಳುತ್ತಿದ್ದಳು. ನೋಡಿದ ಮೇಲೆ ಮಾತಾಡಿಸಬೇಕಲ್ಲ.

ಹೀಗೆ ಎಲ್ಲರಿಗೂ ಕರೆ ಮಾಡತೊಡಗಿದಾಗ ಒಬ್ಬ ಸೊಸೆ, ಪಾಪ, ನಗುತ್ತಲೇ ಹೇಳಿದಳಂತೆ. ಸ್ಟೇಟಸ್ ನೋಡಿ ಯಾರೂ ಫೋನ್ ಮಾಡಲ್ಲ ದೊಡ್ಡಮ್ಮ, ಒಂದು ಹಾರ್ಟ್ ಹಾಕಿದರೆ ಸಾಕು ಎಂದು. ಅಕ್ಕ ಅದನ್ನು ನನಗೆ ಹೇಳಿದಾಗ ನಾನೂ ನಕ್ಕೆ. ಅವಳು ನಗಲಿಲ್ಲ. ಯಾರದೋ ಮನೆಗೆ ಕರೆಯದೆ ಊಟಕ್ಕೆ ಹೋಗಿ ಕೂತವಳ ಹಾಗೆ ನಾಚಿಕೆಪಟ್ಟುಕೊಂಡಿದ್ದಳು. ಅಂದಿನಿಂದ ಕರೆ ಮಾಡುವುದನ್ನು ನಿಲ್ಲಿಸಿ ಹಾರ್ಟ್ ಹಾಕುವುದನ್ನು ಕಲಿತಳು. ನನ್ನ ಫೋನಿಗೆ ಹಾರ್ಟ್ ಬರುವುದಿಲ್ಲವಾದ್ದರಿಂದ ನನಗೆ ಅದೂ ಇಲ್ಲ, ಕರೆಯೂ ಇಲ್ಲ. ನನಗೆ ಹೊಟ್ಟೆಕಿಚ್ಚಾಗಿತ್ತು ಎಂದು ಹೇಳಲು ಸಂಕೋಚವೇನಿಲ್ಲ.

ಒಮ್ಮೆ ಮೆಣಸಿನಕಾಯಿ ಬೀಸಿಸಲು ನಮ್ಮ ಗಿರಣಿಗೆ ಬಂದಳು. ಅವಳ ಊರಿನಲ್ಲಿಯೂ ಗಿರಣಿ ಇದೆ. ನಮ್ಮಲ್ಲಿಗೆ ತರುವುದು ನನ್ನನ್ನು ನೋಡುವ ನೆಪಕ್ಕೆ. ಆದರೆ ಆವತ್ತು ಜೋಳದ ಮೂಟೆಯ ಮೇಲೆ ಕೂತವಳು ತಲೆ ಎತ್ತಲಿಲ್ಲ. ಕಾಫಿ ಆರಿ ತಣ್ಣಗಾಯಿತು. ಏನು ನೋಡುತ್ತಿದ್ದೀಯ ಎಂದು ಕೇಳಿದರೆ ಫೋನು ನನ್ನ ಕಡೆ ತಿರುಗಿಸಿದಳು. ಅವಳು ಹಾಕಿದ್ದ ಫೋಟೋ ಅದು. ಮನೆ ಮುಂದೆ ಬಿಟ್ಟ ಚೆಂಡುಹೂವಿನ ಸಾಲು. ಅದರ ಕೆಳಗೆ ಒಂದು ಕಣ್ಣಿನ ಗುರುತು. ಒತ್ತಿದರೆ ಯಾರ್ಯಾರು ನೋಡಿದ್ದಾರೆ ಎಂದು ಹೆಸರುಗಳು ಉದ್ದಕ್ಕೆ ಬರುತ್ತವೆ.

‘ನೋಡೇ, ಎಲ್ರೂ ನೋಡವ್ರೆ. ಒಬ್ರೂ ಮಾತಾಡ್ಸಿಲ್ಲ,’ ಎಂದಳು.

ಚೆಂಡುಹೂವಿನ ಬಗ್ಗೆ ಮಾತಾಡಲು ಏನಿದೆ ಎಂದು ನಾನು ಗೇಲಿ ಮಾಡಿದೆ. ಆಮೇಲೆ ಯೋಚಿಸಿದರೆ ಅವಳ ಲೆಕ್ಕ ಅರ್ಥವಾಗುತ್ತದೆ. ಅವಳ ಪಾಲಿಗೆ ಅದು ಫೋನಲ್ಲ, ಮನೆಯ ಬಾಗಿಲು. ನೆಂಟರೆಲ್ಲ ದಿನವೂ ಸಾಲಾಗಿ ಬಂದು, ಒಳಗೆ ಇಣುಕಿ, ಅವಳನ್ನೂ ಅವಳ ಹೂವನ್ನೂ ನೋಡಿ, ಒಂದು ಮಾತೂ ಆಡದೆ ಹೋಗುತ್ತಿದ್ದಾರೆ. ನೋಡಿದವರ ಹೆಸರು ಬೇರೆ ಬರೆದಿಟ್ಟಿದೆ. ಹಟ್ಟಿಯಲ್ಲಿ ಒಬ್ಬಳು ಹಾಗೆ ಮಾಡಿದರೆ ಆರು ತಿಂಗಳು ಮನಸ್ಸು ಕಹಿಯಾಗಿರುತ್ತದೆ. ಇಲ್ಲಿ ಇಡೀ ಬಳಗವೇ ದಿನದಿನವೂ ಹಾಗೆ ಮಾಡುತ್ತಿತ್ತು.

ಮಾರನೆಯ ದಿನ ಬೇರೆ ಫೋಟೋ ಹಾಕುತ್ತಿದ್ದಳು. ಈರುಳ್ಳಿಯ ರಾಶಿ, ಹೊಸ ಕರು, ಹಬ್ಬಕ್ಕೆ ಮಾಡಿದ ಹೋಳಿಗೆ. ಯಾವುದನ್ನು ನೋಡಿಯಾದರೂ ಯಾರಾದರೂ ಮಾತಾಡಿಸಬಹುದು ಎಂದು. ಹೋಳಿಗೆಗೆ ಮೂರು ನಾಲ್ಕು ಹಾರ್ಟ್ ಬಂದವಂತೆ. ಅವನ್ನೂ ಅಳೆದಳು. ಯಾರು ಕೆಂಪು ಹಾಕಿದರು, ಯಾರು ಬರೀ ಹೆಬ್ಬೆಟ್ಟು ತೋರಿಸಿದರು ಎನ್ನುವುದೆಲ್ಲ ಅವಳ ತಲೆಯಲ್ಲಿತ್ತು.

ಇಷ್ಟರಲ್ಲಿ ಹೊಸದುರ್ಗದ ಗೃಹಪ್ರವೇಶ ಬಂತು. ಮನೆ ಕಟ್ಟಿಸಿದವನು ನಮ್ಮ ಚಿಕ್ಕಪ್ಪನ ಮಗ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅಕ್ಕ. ಅವನಿಗೆ ಅವಳೆಂದರೆ ತಾಯಿಗಿಂತ ಹೆಚ್ಚು ಸಲಿಗೆ ಇತ್ತು.

ನಮ್ಮಲ್ಲಿ ಶುಭಕಾರ್ಯಕ್ಕೆ ಕರೆಯುವುದೆಂದರೆ ಮನೆಗೆ ಬಂದು ಹೆಣ್ಣುಮಕ್ಕಳಿಗೆ ಕುಂಕುಮ ಕೊಟ್ಟು, ಪತ್ರಿಕೆ ಕೈಗಿಟ್ಟು, ಮನೆಗೆ ಬೀಗ ಹಾಕಿಕೊಂಡು ಎಲ್ಲರೂ ಬರ್ರಿ ಎಂದು ಬಾಯಿತುಂಬ ಹೇಳುವುದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಕುಂಕುಮ ಹಚ್ಚಿ, ಪತ್ರಿಕೆಯನ್ನು ಚಿಲಕಕ್ಕೆ ಸಿಕ್ಕಿಸಿ ಹೋಗುತ್ತಾರೆ. ಅಷ್ಟಾದರೆ ಕರೆದ ಹಾಗೆ. ಅಷ್ಟಾಗದಿದ್ದರೆ ವಿಷಯ ಗೊತ್ತಿದ್ದರೂ ಕರೆದ ಹಾಗಲ್ಲ. ಆದರೆ ತಮ್ಮನಿಗೆ ಮನೆಯ ಕೆಲಸ, ಬಣ್ಣದವರು, ಅಡುಗೆಯವರು ಎಂದು ಪುರುಸೊತ್ತಿರಲಿಲ್ಲ. ಬಳಗವೆಲ್ಲ ಗ್ರೂಪಿನಲ್ಲಿ ಇದೆಯಲ್ಲ ಎಂದು ಪತ್ರಿಕೆಯ ಫೋಟೋವನ್ನು ಅಲ್ಲಿ ಹಾಕಿದ. ಇದನ್ನೇ ವೈಯಕ್ತಿಕ ಕರೆಯೋಲೆ ಎಂದು ತಿಳಿಯಬೇಕು ಎಂದು ಕೆಳಗೆ ಕೈಮುಗಿದ. ನಾನು ಗ್ರೂಪಿನಲ್ಲಿ ಇಲ್ಲದ್ದರಿಂದ ನನಗೆ ಮಾತ್ರ ಫೋನ್ ಮಾಡಿ, ತಪ್ಪದೆ ಬರಬೇಕು ಕಣಕ್ಕ ಎಂದು ಕರೆದ.

ಅಕ್ಕ ಪತ್ರಿಕೆ ನೋಡಿದಳು. ಚೆನ್ನಾಗಿದೆ ಎಂದುಕೊಂಡಳು. ಅದರ ಮೇಲೂ ಒಂದು ಹಾರ್ಟ್ ಹಾಕಿದಳು. ಆಮೇಲೆ ಅವನು ಕುಂಕುಮ ತೆಗೆದುಕೊಂಡು ಕರೆಯಲು ಬರುತ್ತಾನೆಂದು ಕಾದಳು. ಮನೆ ಬಿಟ್ಟು ಕದಲಲಿಲ್ಲ, ಬಂದಾಗ ಬಾಗಿಲು ಹಾಕಿರಬಾರದು ಎಂದು. ಅವನಿಗೆ ಇಷ್ಟ ಎಂದು ಶೇಂಗಾ ಉಂಡೆ ಕಟ್ಟಿ ಇಟ್ಟಿದ್ದಳಂತೆ. ಇದನ್ನೆಲ್ಲ ಭಾವ ಆಮೇಲೆ ಹೇಳಿದ್ದು.

ಗೃಹಪ್ರವೇಶದ ದಿನ ನಾನು ಹೊಸದುರ್ಗದಲ್ಲಿ ಬಸ್ಸಿಳಿದು ಹೋದರೆ ಎಲ್ಲ ಅಕ್ಕತಂಗಿಯರೂ ಬಂದಿದ್ದರು, ನನ್ನಕ್ಕ ಮಾತ್ರ ಇಲ್ಲ. ತಮ್ಮನ ಹೆಂಡತಿಯನ್ನು ಕೇಳಿದೆ. ಗ್ರೂಪಲ್ಲಿ ಪತ್ರಿಕೆ ನೋಡಿದ್ದಾರೆ, ಹಾರ್ಟ್ ಕೂಡ ಹಾಕಿದ್ದಾರೆ, ಏನೋ ಕೆಲಸ ಬಂದಿರಬೇಕು ಎಂದಳು. ಅವಳ ಲೆಕ್ಕದಲ್ಲಿ ನೋಡಿದ್ದಾರೆ ಎಂದರೆ ಕರೆದಾಯಿತು. ನಾನು ಅಲ್ಲಿಂದಲೇ ಅಕ್ಕನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಅಷ್ಟರಲ್ಲಿ ಯಾರೋ ನನ್ನ ತೋಳು ಹಿಡಿದೆಳೆದು ಫೋಟೋಕ್ಕೆ ನಿಲ್ಲಿಸಿದರು. ಎಲ್ಲರೂ ಒಟ್ಟಿಗೆ ನಿಂತೆವು, ನಗಬೇಕು ಎಂದಾಗ ನಕ್ಕೆವು.

ಅಕ್ಕ ಅದನ್ನೆಲ್ಲ ಆ ಗಳಿಗೆಯಲ್ಲೇ ಮನೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದಳು. ಹಿಂದಿನ ಕಾಲವಾಗಿದ್ದರೆ ಕರೆಯದ ಮನೆಯ ಊಟ ಹೇಗಿತ್ತು, ಯಾರು ಬಂದಿದ್ದರು ಎನ್ನುವುದು ವಾರ ಕಳೆದು, ಬೇರೆಯವರ ಬಾಯಿಂದ ಚೂರುಪಾರು ಕಿವಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಈಗ ಹಸು ಹೊಸ್ತಿಲು ದಾಟಿದ್ದು, ಹಾಲು ಉಕ್ಕಿದ್ದು, ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಎನ್ನುವುದೆಲ್ಲ ಒಂದೊಂದೇ ಅವಳ ಕೈಗೆ ಬಂದು ಬೀಳುತ್ತಿತ್ತು. ಮತ್ತೆ ಮತ್ತೆ ಒತ್ತಿ ನೋಡಿದಳಂತೆ.

ಸಂಜೆ ಅವಳು ಗ್ರೂಪಿನಿಂದ ಹೊರಗೆ ಬಂದಳು. ನಮ್ಮಲ್ಲಿ ಸಿಟ್ಟು ಮಾಡಿಕೊಂಡು ಪಂಕ್ತಿಯಿಂದ ಎದ್ದು ಹೋದವರನ್ನು ಹಿಂದೆಯೇ ಹೋಗಿ ಕರೆತರುತ್ತಾರೆ. ಯಾರು ಏನಂದರು ಎಂದು ಕೇಳುತ್ತಾರೆ, ಕೈ ಹಿಡಿದು ಕೂರಿಸುತ್ತಾರೆ. ಎದ್ದು ಹೋಗುವವರೂ ಅದನ್ನು ನಂಬಿಯೇ ಎದ್ದು ಹೋಗುವುದು. ಗ್ರೂಪಿನಲ್ಲಿ ಮಾತ್ರ ಅಕ್ಕ ಹೋದಳು ಎಂದು ಒಂದು ಸಣ್ಣ ಸಾಲು ಬಂದು, ಅದರ ಕೆಳಗೆ ಮನೆಯ ಫೋಟೋಗಳು ಒಂದರ ಹಿಂದೆ ಒಂದು ಬಂದು, ಆ ಸಾಲು ಎಲ್ಲೋ ಮೇಲಕ್ಕೆ ಹೋಗಿಬಿಟ್ಟಿತು. ಯಾರ ಕಣ್ಣಿಗೂ ಬೀಳಲಿಲ್ಲವೋ, ಕಂಡವರು ಕೈ ತಪ್ಪಿ ಒತ್ತಿರಬೇಕು ಎಂದುಕೊಂಡರೋ. ಅಕ್ಕ ಕಾಯುತ್ತಿದ್ದಳು.

ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ಅವಳು ಹ್ಞೂ, ಹ್ಞೂಹ್ಞೂ ಎನ್ನುವುದರಲ್ಲೇ ಮುಗಿಸುತ್ತಿದ್ದಳು. ಈರುಳ್ಳಿ ನಾಟಿಯ ಕೆಲಸ ಇದೆ ಎನ್ನುತ್ತಿದ್ದಳು. ಸುಳ್ಳು ಎಂದು ಗೊತ್ತಾಗುತ್ತಿತ್ತು. ಕಡೆಗೆ ಒಂದು ಬೆಳಗ್ಗೆ ಭಾವ ಕರೆ ಮಾಡಿದ. ಭಾವ ಮಾತಿನ ಮನುಷ್ಯನಲ್ಲ. ಇಬ್ಬರ ಪಾಲಿನ ಮಾತನ್ನೂ ಅಕ್ಕನೇ ಆಡುತ್ತಿದ್ದುದರಿಂದ ಅವನಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ನಿಮ್ಮಕ್ಕ ಸರಿಯಾಗಿ ಉಣ್ಣುತ್ತಿಲ್ಲ, ನಿದ್ದೆ ಇಲ್ಲ, ತಲೆ ಬಾಚಿಕೊಳ್ಳುತ್ತಿಲ್ಲ, ಉಳಿತಾಯ ಸಂಘದ ಹೆಂಗಸರು ಬಂದು ಕರೆದರೂ ಹೊರಗೆ ಬರುವುದಿಲ್ಲ ಎಂದು ಹೇಳಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ನನಗೆ ಮಾಡಿದ ಮೊದಲ ಕರೆ ಇರಬೇಕು.

ನಾನು ಹೋದಾಗ ಅಕ್ಕ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಫೋನಿನ ಬೆಳಕು ಮುಖದ ಮೇಲಿತ್ತು. ಕೊರಳಿನ ಎಲುಬು ಕಾಣುವಷ್ಟು ಸೊರಗಿದ್ದಳು. ಅಂಥವಳು, ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ನೆಂಟರು ಮಾಡಿಕೊಳ್ಳುತ್ತಿದ್ದವಳು, ನನ್ನನ್ನು ಕಂಡು ಬಾ ಎನ್ನಲಿಲ್ಲ. ಏನಾಗಿದೆ ನಿನಗೆ ಎಂದು ರೇಗಿದೆ. ಹೆದರಿದಾಗ ನನಗೆ ಬರುವುದು ಸಿಟ್ಟೇ.

‘ನಿನ್ನೂ ನೋಡ್ದೆ. ಗುಲಾಬಿ ಸೀರೆ ಉಟ್ಕಂಡು ನಗ್ತಿದ್ದೆ,’ ಎಂದಳು. ಫೋನಿನಿಂದ ಕಣ್ಣು ತೆಗೆಯದೆ, ‘ನಾನು ಇಲ್ದಿದ್ರೂ ಎಲ್ಲಾ ಚೆನ್ನಾಗೇ ಐತೆ ಕಣೆ,’ ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ನೋಡಿ ತಿಳಿದುಕೊಂಡ ವಿಷಯ ಹೇಳುವ ಹಾಗೆ ಹೇಳಿದಳು. ಕೊಂಕಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕುಂಕುಮದ ವಿಷಯ ನನಗೆ ಗೊತ್ತಾದದ್ದು ಆಗ, ಭಾವ ಹೇಳಿದ ಮೇಲೆ. ಇಷ್ಟೇನಾ ಎನಿಸಿತು. ಈಗಲೇ ಸರಿಮಾಡುತ್ತೇನೆ ಎಂದು ಹೊಸದುರ್ಗದ ಬಸ್ಸು ಹತ್ತಿದೆ. ತಮ್ಮನ ಹೊಸ ಮನೆಯ ಹಾಲಿನಲ್ಲಿ, ಹೊಸ ಸೋಫಾದ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ, ನಿಂತುಕೊಂಡೇ ಅವನ ಏಳು ಜನ್ಮ ಜಾಲಾಡಿದೆ. ನಿನ್ನನ್ನು ಹೊತ್ತು ಸೊಂಟ ನೋಯಿಸಿಕೊಂಡವಳಿಗೆ ಕುಂಕುಮ ಕೊಡಲು ನಿನ್ನ ಕಾಲಿಗೆ ನೋವಾ ಎಂದೆ. ಪಾಪ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಕ್ಕ ಹಾರ್ಟ್ ಹಾಕಿದ್ದಳಲ್ಲ, ಖುಷಿಯಾಗಿದ್ದಾಳೆ ಅಂದುಕೊಂಡೆ ಎಂದು ಅಳುವ ಹಾಗಾದ.

ಆ ವಾರವೇ ಗಂಡಹೆಂಡತಿ ಕುಂಕುಮ, ಹೂವು, ಕುಪ್ಪಸದ ಕಣ, ಸಿಹಿ ಎಲ್ಲ ತೆಗೆದುಕೊಂಡು ಅಕ್ಕನ ಮನೆಗೆ ಹೋದರು. ನಾನೂ ಹೋದೆ, ನಾನೇ ಮಾಡಿಸಿದ ರಾಜಿ ಕಣ್ಣಾರೆ ನೋಡಬೇಕಿತ್ತು. ತಮ್ಮ ಅಕ್ಕನ ಕಾಲು ಮುಟ್ಟಿದ. ಅವನ ಹೆಂಡತಿ ಹಣೆಗೆ ಕುಂಕುಮವಿಟ್ಟು ತಪ್ಪಾಯಿತು ಎಂದಳು. ಅಕ್ಕ ಎದ್ದು ಅವಲಕ್ಕಿ ಒಗ್ಗರಣೆ ಮಾಡಿದಳು, ಅವನ ಮಕ್ಕಳ ಓದು ಕೇಳಿದಳು, ಒಂದೆರಡು ಸಲ ನಕ್ಕಳು. ಹೊರಡುವಾಗ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು. ಬಾಗಿಲಲ್ಲಿ ನಿಂತು ಅವರನ್ನು ಕಳಿಸಿ, ನಾನು ಗೆದ್ದ ಖುಷಿಯಲ್ಲಿ ಒಳಗೆ ಬಂದರೆ, ಅಕ್ಕ ಅದೇ ಗೋಡೆಗೆ ಹಾಗೇ ಒರಗಿ ಕೂತು ಫೋನ್ ನೋಡುತ್ತಿದ್ದಳು. ಅವರು ಈ ಫೋಟೋ ಸ್ಟೇಟಸ್ಸಿಗೆ ಹಾಕುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದಳು.

ಹಾಕಿದರು, ಊರು ದಾಟುವ ಮೊದಲೇ. ಅಕ್ಕ ಅದನ್ನು ತೆರೆದು ನೋಡಿದಳು, ಮುಚ್ಚಿದಳು, ಮತ್ತೆ ತೆರೆದಳು. ಮುಖದಲ್ಲಿ ಏನೂ ಇಳಿಯಲಿಲ್ಲ, ಏರಲೂ ಇಲ್ಲ. ಹಣೆಯಲ್ಲಿ ಕುಂಕುಮ ಇನ್ನೂ ಹಸಿಯಾಗಿತ್ತು. ನನಗೆ ಆಗ ನಿಜವಾಗಿ ಭಯವಾಯಿತು. ಅವಮಾನಕ್ಕೆ ಔಷಧಿ ನಮ್ಮ ಹತ್ತಿರ ಇದೆ, ಕುಂಕುಮ ಇದೆ, ಕಾಲು ಹಿಡಿಯುವುದಿದೆ, ಉಣ್ಣಲು ಇಕ್ಕುವುದಿದೆ. ಅವಳಿಗೆ ಹತ್ತಿದ್ದು ಅವಮಾನವನ್ನು ದಾಟಿ ಹೋಗಿತ್ತು. ಅದಕ್ಕೆ ನಮ್ಮ ಹಿರಿಯರು ಏನೂ ಮಾಡಿಟ್ಟಿರಲಿಲ್ಲ.

ಹಿರಿಯೂರಿನ ಮಗಳಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನರ್ಸ್ ಆದ್ದರಿಂದ ಅವಳಿಗೆ ಬೇಗ ಅರ್ಥವಾಯಿತು. ದುರ್ಗದಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು ಇದ್ದಾರೆ, ಇವತ್ತೋ ನಾಳೆಯೋ ತೋರಿಸಬೇಕು ಎಂದು ತಾನೇ ರಜೆ ಹಾಕಿ ಬಂದಳು. ಭಾವ ಹಿಂದೇಟು ಹಾಕಿದ. ಊರಲ್ಲಿ ಏನಂತಾರೆ ಎನ್ನುವುದು ಅವನ ಚಿಂತೆ. ನೀನು ಮಂಡಿ ನೋವಿಗೆ ಹೋದಾಗ ಊರು ಏನಂದಿತ್ತು ಎಂದು ಕೇಳಿದೆ. ಏನೂ ಅಂದಿರಲಿಲ್ಲ. ಅಕ್ಕ ಮಾತ್ರ ತಡೆಯಲಿಲ್ಲ, ಒಪ್ಪಲೂ ಇಲ್ಲ. ಸೀರೆ ಉಡು ಎಂದರೆ ಉಟ್ಟಳು, ಬಸ್ ಹತ್ತು ಎಂದರೆ ಹತ್ತಿದಳು. ಕಿಟಕಿ ಪಕ್ಕ ಕೂತು, ಪಕ್ಕದ ಸೀಟಿನ ಹೆಂಗಸು ಯಾವೂರು ಎಂದು ಕೇಳಿದರೂ ಉತ್ತರ ಕೊಡಲಿಲ್ಲ. ಅವಳ ಪರವಾಗಿ ನಾನು ಹೇಳಿದೆ.

ಡಾಕ್ಟರು ಹೆಂಗಸು, ನಮ್ಮ ಮಗಳ ವಯಸ್ಸಿನವರು. ಅವಸರ ಮಾಡಲಿಲ್ಲ. ದಿನಕ್ಕೆ ಎಷ್ಟು ಜನರನ್ನು ನೋಡುತ್ತೀರಿ ಎಂದು ಕೇಳಿದರು. ಎಲ್ಲರನ್ನೂ ನೋಡುತ್ತೇನೆ ಎಂದಳು ಅಕ್ಕ. ಎಷ್ಟು ಜನರ ಹತ್ತಿರ ಮಾತಾಡುತ್ತೀರಿ ಎಂದು ಕೇಳಿದರು. ಅಕ್ಕ ಯೋಚನೆ ಮಾಡಿದಳು. ಮನಸ್ಸಿನಲ್ಲೇ ಹುಡುಕುತ್ತಿರುವುದು ಕಾಣುತ್ತಿತ್ತು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗೃಹಪ್ರವೇಶದ ನಂತರ ಅವಳು ಅತ್ತದ್ದು ಅದೇ ಮೊದಲು ಎಂದು ಭಾವ ಹೇಳಿದ.

ಫೋನು ಕಿತ್ತು ಬಾವಿಗೆ ಎಸೆದರೆ ಸರಿಹೋಗುತ್ತದಾ ಎಂದು ನಾನು ಕೇಳಿದೆ. ಆಗಿದ್ದರೆ ಅವತ್ತೇ ಎಸೆಯುತ್ತಿದ್ದೆ. ಡಾಕ್ಟರು ನಕ್ಕು, ಅಷ್ಟು ಸುಲಭವಲ್ಲ ಎಂದರು. ಇದು ಖಿನ್ನತೆ, ಕಾಯಿಲೆಯೇ, ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ಮಕ್ಕಳು ದೂರವಾದದ್ದು, ವಯಸ್ಸಿನ ಏರುಪೇರು, ಒಳಗೆ ಎಷ್ಟೋ ಇದ್ದಿರಬಹುದು, ಫೋನು ಅದಕ್ಕೆ ದಿನಾ ಮೇವು ಹಾಕಿತು ಎಂದು ಬಿಡಿಸಿ ಹೇಳಿದರು. ಮಾತ್ರೆ ಬರೆದರು, ನಡುವೆ ನಿಲ್ಲಿಸಬಾರದು ಎಂದರು. ಸ್ಟೇಟಸ್ ನೋಡುವುದನ್ನು ಸದ್ಯಕ್ಕೆ ಮಗಳು ಮುಚ್ಚಿಡಲಿ, ಮೊಮ್ಮಗಳನ್ನು ನೋಡಲು ಫೋನು ಇರಲಿ ಎಂದರು. ಇನ್ನೊಂದು ಮಾತು ಅಕ್ಕನಿಗೇ ಹೇಳಿದರು. ದಿನಾ ಬೆಳಗ್ಗೆ ಒಬ್ಬರಿಗೆ ಫೋನ್ ಮಾಡಿ ಬಾಯಿಬಿಟ್ಟು ಮಾತಾಡಬೇಕು, ಮನಸ್ಸಿಲ್ಲದಿದ್ದರೂ ಮಾಡಬೇಕು. ಯಾರಿಗೆ ಮಾಡುತ್ತೀರಿ ಎಂದರು. ಅಕ್ಕ ನನ್ನ ಕಡೆ ಕೈ ತೋರಿಸಿದಳು.

ಹಾಗೆ ಶುರುವಾಯಿತು. ಗಿರಣಿ ಬಾಗಿಲು ತೆಗೆಯುವ ಹೊತ್ತಿಗೆ ಅವಳ ಕರೆ. ಮೊದಲ ತಿಂಗಳು ಅದು ಇಬ್ಬರಿಗೂ ಶಿಕ್ಷೆ. ತಿಂಡಿ ಆಯ್ತಾ, ಆಯ್ತು, ನಿಂದು, ಆಯ್ತು. ಆಮೇಲೆ ಅವಳ ಉಸಿರು ಮಾತ್ರ ಕೇಳುತ್ತಿತ್ತು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ, ಯಾರು ರಾಗಿಯಲ್ಲಿ ಕಲ್ಲು ತಂದರು, ಯಾರು ಹಿಟ್ಟು ನುಣ್ಣಗಾಗಿಲ್ಲ ಎಂದು ಜಗಳ ತೆಗೆದರು. ಮಾತ್ರೆಯಿಂದ ಅವಳಿಗೆ ಬಾಯಿ ಒಣಗುತ್ತಿತ್ತು, ಹಗಲೆಲ್ಲ ಮಂಪರು. ಒಂದು ಸಲ ಮಾತ್ರೆ ಬಿಟ್ಟುಬಿಟ್ಟು ಮತ್ತೆ ಮೊದಲಿನ ಹಾಗೇ ಆಗಿ, ಮಗಳು ಓಡಿ ಬಂದು ಕೂತುಕೊಳ್ಳಬೇಕಾಯಿತು. ಸರಿಯಾಗುತ್ತಿದೆ ಎಂದು ಹೇಳುವಂತಿರಲಿಲ್ಲ, ಇಲ್ಲ ಎಂದೂ ಹೇಳುವಂತಿರಲಿಲ್ಲ. ಒಂದು ದಿನ ಮಾತ್ರ, ಆ ಜಗಳ ತೆಗೆದವಳು ಆಮೇಲೆ ಏನಂದಳು ಎಂದು ಅವಳೇ ಕೇಳಿದಳು. ನನಗೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೂರಬೇಕು ಎನಿಸಿತು. ಹಿಟ್ಟಿಗೆ ಕಾದು ನಿಂತವರನ್ನು ಕಾಯಿಸಿ ಇಡೀ ಜಗಳವನ್ನು ಮೊದಲಿನಿಂದ ಹೇಳಿದೆ, ಸ್ವಲ್ಪ ಉಪ್ಪುಖಾರ ಸೇರಿಸಿ.

ಬಳಗದವರು ಕೆಟ್ಟವರೇನಲ್ಲ. ವಿಷಯ ಗೊತ್ತಾದ ಮೇಲೆ ಕೆಲವರು ಅಕ್ಕನಿಗೆ ಕರೆ ಮಾಡಿದರು, ಇಬ್ಬರು ಮನೆಗೇ ಹೋಗಿ ಬಂದರು. ಅವರಲ್ಲಿ ಒಬ್ಬಳು ಹಿಂದಿರುಗುವಾಗ ಗಿರಣಿಗೆ ಬಂದು, ನನಗೂ ಹಾಗೇ ಆಗುತ್ತದೆ ಅಕ್ಕ, ಯಾರೂ ಏನೂ ಅನ್ನದಿದ್ದರೆ ಹಾಕಿದ್ದನ್ನು ಅಳಿಸಿಬಿಡುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಗೃಹಪ್ರವೇಶದಲ್ಲಿ ಎಲ್ಲರಿಗಿಂತ ಹೆಚ್ಚು ಫೋಟೋ ಹಾಕಿದವಳು ಅವಳು. ಅವಳ ನಗುವನ್ನು ನೋಡಿ ಅಕ್ಕ ಅಲ್ಲಿ ಒಣಗುತ್ತಿದ್ದಳು, ಅವಳು ಇಲ್ಲಿ ಯಾರು ನೋಡಿದರು ಎಂದು ಒಣಗುತ್ತಿದ್ದಳು. ಇದನ್ನು ಕೇಳಿ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಬೈಯಲು ಒಂದು ಮುಖವಿಲ್ಲದ ಸಿಟ್ಟು ನನಗೆ ಹೊಸದು.

ಹೀಗೆ ಮಳೆಗಾಲ ಬಂತು. ಕರೆ ತಪ್ಪುತ್ತಿರಲಿಲ್ಲ. ಮಾತು ಉದ್ದವಾಗುತ್ತಿತ್ತು, ಕೆಲವು ದಿನ ನಾನೇ ಸಾಕು ಬಿಡೇ ಎನ್ನುವಷ್ಟು. ಆದರೆ ಒಂದು ಬೆಳಗ್ಗೆ ಕರೆ ಬರಲಿಲ್ಲ. ಗಿರಣಿ ಶುರುವಾಯಿತು, ಮೊದಲ ಮೂಟೆ ಮುಗಿಯಿತು. ನಾನೇ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಭಾವನಿಗೆ ಮಾಡಿದರೆ ಅವನದು ಸ್ವಿಚ್ ಆಫ್. ಇನ್ನೊಂದು ಸಲ ಅಕ್ಕನಿಗೆ ಮಾಡಿದೆ. ನಾನಿಲ್ಲದಿದ್ದರೂ ಎಲ್ಲ ಚೆನ್ನಾಗೇ ಇದೆ ಎಂದು ಅವಳು ಆವತ್ತು ಹೇಳಿದ ದನಿ ಕಿವಿಯಲ್ಲೇ ಕೂತಿತ್ತು. ಗಂಡನಿಗೆ ಏನೋ ಕೂಗಿ ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದೆ.

ದುರ್ಗಕ್ಕೆ ಹೋಗಿ ಇನ್ನೊಂದು ಬಸ್ಸು ಹಿಡಿಯುವವರೆಗೂ ನಾನು ಯಾವ ದೇವರನ್ನೂ ಬಿಡಲಿಲ್ಲ. ಅಕ್ಕನ ಮನೆ ಬೀಗ ಹಾಕಿತ್ತು. ಪಕ್ಕದ ಮನೆಯವರು ಹೊಲದಲ್ಲಿ ನೋಡಿ ಎಂದರು. ಬದುವಿನ ಮೇಲೆ ಜಾರುತ್ತಾ ಬೀಳುತ್ತಾ ಹೋದೆ.

ಅಕ್ಕ ಈರುಳ್ಳಿ ಪಾತಿಯಲ್ಲಿ ಕೂತು ಕಳೆ ಕೀಳುತ್ತಿದ್ದಳು. ಆಚೆ ಕಡೆ ಭಾವ ಇದ್ದ, ಕೂಲಿಯ ಹೆಂಗಸರಿದ್ದರು. ರಾತ್ರಿ ಮಳೆ ಬಿದ್ದು ನೆಲ ಹದವಾಗಿದೆ ಎಂದು ಬೆಳಕು ಹರಿಯುವ ಮೊದಲೇ ಬಂದಿದ್ದಾರೆ. ಫೋನು ಮನೆಯಲ್ಲಿ ಚಾರ್ಜಿಗೆ ಇದೆ. ಅಕ್ಕ ಯಾರಿಗೋ ಏನೋ ಹೇಳುತ್ತಿದ್ದವಳು ನನ್ನನ್ನು ಕಂಡು ಧಡಕ್ಕನೆ ಎದ್ದಳು. ಯಾರಿಗೆ ಏನಾಯಿತು ಎಂದು ಕೇಳಿದಳು. ನಿನ್ನ ಫೋನ್ ಬರಲಿಲ್ಲ ಎಂದಷ್ಟೇ ನನಗೆ ಹೇಳಲು ಆಯಿತು.

‘ಸತ್ತೋದೆ ಅನ್ಕಂಡ್ಯಾ?’ ಎಂದು ಕೇಳಿದಳು.

ಹ್ಞೂ ಎಂದೆ. ಗಟ್ಟಿಗಿತ್ತಿ ಎಂದು ಹೆಸರಾದವಳು ನಾನು, ಕೂಲಿಯವರ ಮುಂದೆ ಪಾತಿಯ ನಡುವೆ ನಿಂತು ಹೋ ಎಂದು ಅತ್ತೆ.

ಅಕ್ಕ ನನ್ನನ್ನು ಬದುವಿನ ಮೇಲೆ ಕೂರಿಸಿ ಪಕ್ಕದಲ್ಲಿ ಕೂತಳು. ‘ಒಂದಿನ ಅನ್ಸಿತ್ತು ಕಣೆ. ನಿಂಗೂ ಹೇಳಿರ್ಲಿಲ್ಲ. ನಾನು ಇಲ್ದಂಗಾದ್ರೆ ಯಾರಿಗೆ ಗೊತ್ತಾಗುತ್ತೆ ಅಂತ ಅನ್ಸಿತ್ತು,’ ಎಂದಳು. ಆಮೇಲೆ ನನ್ನ ತಲೆಯ ಕಡೆ ನೋಡಿ, ಇದೇನು ಹಿಟ್ಟು ಎಂದಳು. ಕನ್ನಡಿ ನೋಡದೆ, ತಲೆಗೆ ಕಟ್ಟಿದ ಬಟ್ಟೆ ಎಲ್ಲೋ ಬಿದ್ದುಹೋಗಿ, ಕೂದಲು, ಹುಬ್ಬು, ತೋಳು ಎಲ್ಲ ಬೆಳ್ಳಗಿರುವ ಹಾಗೇ ನಾನು ಎರಡು ಬಸ್ಸು ಹತ್ತಿ ಇಳಿದಿದ್ದೆ.

‘ಹಿಂಗೇ ಬಂದ್ಯಾ?’ ಎಂದಳು. ಹಿಂಗೇ ಬಂದೆ ಎಂದೆ. ಅವಳು ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಹುಬ್ಬಿನ ಹಿಟ್ಟು ಒರೆಸತೊಡಗಿದಳು.